ಮೂರು ತಂತಿಯ ಮಾತುಕತೆ

ಹಳೇ ಕಂಪ್ಯೂಟರ್ ಗುಜರಿಯವನ ಕೈಗೆ ಹೋಗುವ ಮುಂಚೆ ಅದರ ಹಿಂಭಾಗದ ಮೇಲೆ ಒಮ್ಮೆ ಕಣ್ಣಾಡಿಸಬೇಕು. ಅಲ್ಲಿ ಡಿ ಆಕಾರದ ಒಂದು ಸಾಕೆಟ್ಟು ಇರುತ್ತದೆ. ಮೇಲಿನ ಸಾಲಿನಲ್ಲಿ ಐದು ಪಿನ್ನು, ಕೆಳಗಿನ ಸಾಲಿನಲ್ಲಿ ನಾಲ್ಕು. ಅದೇ ಸೀರಿಯಲ್ ಪೋರ್ಟು. ಫ್ಲಾಪಿ ಓದದಿರಲಿ, ಸಿಡಿ ಡ್ರೈವೇ ಇಲ್ಲದಿರಲಿ, ಯುಎಸ್‌ಬಿ ಎಂಬ ಹೆಸರೇ ಹುಟ್ಟದ ಕಾಲದ ಯಂತ್ರವಾಗಿರಲಿ, ಅದು ಚಾಲೂ ಆಗುತ್ತದೆ ಎಂದಾದರೆ ಈ ಒಂದು ದಾರಿಯಿಂದ ಒಳಗಿರುವುದನ್ನು ಹೊರಗೆ ತರಬಹುದು. ಕೊಪ್ಪಳದ ನಮ್ಮ ಓಣಿಯಲ್ಲಿ ಕಾಂಪೌಂಡ್ ಗೋಡೆಗೆ ಆನಿಕೊಂಡು ಈ ಮಾತನ್ನು ಕಂಡಕಂಡವರಿಗೆಲ್ಲ ಹೇಳುತ್ತ ಬಂದಿದ್ದೇನೆ. ನಿಮಗೂ ಹೇಳಬೇಕು, ಒಂದೀಟು ಕೂಡ್ರಿ.

ಪಕ್ಕದ ಮನೆಯ ಕಾಕಾ ಮೂಲತಃ ಕುಷ್ಟಗಿಯವರು. ಅಲ್ಲಿ ಅವರದೊಂದು ಟೈಪಿಂಗ್ ಮತ್ತು ಮುದ್ರಣದ ಅಂಗಡಿ ಇತ್ತು. ಮೊಳೆ ಜೋಡಿಸಿಯೇ ಕೈ ಕರ್ರಗೆ ಮಾಡಿಕೊಂಡವರು. ತೊಂಬತ್ತರ ದಶಕದಲ್ಲಿ ಒಂದು 486 ಕಂಪ್ಯೂಟರ್ ತಂದರು. ಕನ್ನಡಕ್ಕೆಂದು ಅದರೊಳಗೆ ಜಿಸ್ಟ್ ಕಾರ್ಡ್ ಕೂಡಿಸಿದರು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ಸೊಸೈಟಿಯ ವಾರ್ಷಿಕ ವರದಿ ಎಲ್ಲ ಅದರಲ್ಲೇ ಆಗುತ್ತಿತ್ತು. ಸುತ್ತಲಿನ ಹಳ್ಳಿಗಳ ದೊಡ್ಡಾಟದ ಮಾಸ್ತರರು ತಮ್ಮ ಕೈಬರಹದ ನೋಟ್‌ಬುಕ್ ಹಿಡಿದು ಬರುತ್ತಿದ್ದರು. ಕಾಕಾ ಆಟವನ್ನೆಲ್ಲ ಟೈಪು ಮಾಡಿ, ಪಾತ್ರಕ್ಕೊಂದರಂತೆ ಪ್ರತಿ ತೆಗೆದು ಕೊಡುತ್ತಿದ್ದರು. ಈಗ ಅಂಗಡಿ ಇಲ್ಲ. ಯಂತ್ರ ಮಾತ್ರ ಅವರ ಜತೆ ಕೊಪ್ಪಳಕ್ಕೆ ಬಂದು ಅಟ್ಟದ ಮೇಲೆ ಕೂತಿತ್ತು.

“ತಮ್ಮಾ, ಗುಜರ್ಯಾಂವ ತೂಕಕ್ಕ ತಗೋತೀನಿ ಅಂತಾನ. ಕೊಟ್ಟುಬಿಡ್ಲೇನು?” ಅಂದರು ಗೋಡೆಯ ಆಚೆಯಿಂದ.

“ಬ್ಯಾಡ್ರಿ ಕಾಕಾರ. ಒಳಗ ಏನೈತಿ ಮೊದಲ ನೋಡೂಣು.”

“ಮಾಸ್ತರ ಆಟ ಐತಿ. ಅವರ ನೋಟ್‌ಬುಕ್ ಗೆದ್ದಲ ತಿಂದು ಹೋತು, ಮಾಸ್ತರೂ ಹೋದ್ರು. ಫ್ಲಾಪಿ ಹಾಕಿದ್ರ ಗರ್ ಅಂತೈತಿ, ಓದೂದುಲ್ಲ. ಇನ್ನ ಹ್ಯಾಂಗ ತಗೀತಿ?”

ಪಾಲಿಟೆಕ್ನಿಕ್ ಓದುವ ಅವರ ಮೊಮ್ಮಗ ಅಲ್ಲೇ ನಿಂತಿದ್ದ. “ಅಂಕಲ್, ಹಾರ್ಡ್ ಡಿಸ್ಕ್ ಬಿಚ್ಚಿ ಯುಎಸ್‌ಬಿ ಕನ್ವರ್ಟರಿಗೆ ಹಾಕಿದ್ರ ಆತಲ್ರಿ?” ಅಂದ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ. ಸ್ವಲ್ಪ ಈಚಿನ ಐಡಿಇ ಡಿಸ್ಕ್ ಆಗಿದ್ದರೆ ಅದೇ ಬೇಗದ ದಾರಿ. ಆದರೆ ಮೊದಮೊದಲ ಐಡಿಇ ಡಿಸ್ಕುಗಳಿಗೆ ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಸಂಖ್ಯೆಯ ವಿಳಾಸ ಮಾತ್ರ ಗೊತ್ತು. ಇಂದಿನ ಕನ್ವರ್ಟರುಗಳು ಸೊನ್ನೆಯಿಂದ ಸಾಲಾಗಿ ಎಣಿಸುವ ಒಂದೇ ಸಂಖ್ಯೆಯಲ್ಲಿ ಕೇಳುತ್ತವೆ, ಆ ಡಿಸ್ಕಿಗೆ ಅದು ತಿಳಿಯುವುದಿಲ್ಲ. ಅದಕ್ಕೂ ಹಿಂದಿನ ಎಂಎಫ್ಎಂ ಡಿಸ್ಕುಗಳಿಗಂತೂ ಪೇಟೆಯಲ್ಲಿ ಅಂಥ ಕನ್ವರ್ಟರೇ ಸಿಗುವುದಿಲ್ಲ. ಮುದಿ ಡಿಸ್ಕನ್ನು ಬಿಚ್ಚಿ ಕೈಯಲ್ಲಿ ಹಿಡಿದು ಓಡಾಡಿಸುವುದೂ ಒಳ್ಳೆಯದಲ್ಲ. ಯಂತ್ರ ತಾನೇ ಏಳುವಂತಿದ್ದರೆ ಡಿಸ್ಕು ತನ್ನ ಜಾಗದಲ್ಲೇ ಇರಲಿ, ತನ್ನ ಯಂತ್ರದ ಕೈಯಲ್ಲೇ ಓದಿಸಿಕೊಳ್ಳಲಿ.

ಏಳಿಸುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಮುಚ್ಚಳ ತೆಗೆದು ಮದರ್‌ಬೋರ್ಡ್ ನೋಡಬೇಕು. ಆ ಕಾಲದ ಬೋರ್ಡುಗಳ ಮೇಲೆ ಸಾಮಾನ್ಯವಾಗಿ ಹೆಬ್ಬೆರಳು ದಪ್ಪದ ನೀಲಿ ಬ್ಯಾಟರಿ ಇರುತ್ತದೆ, ನಿಕ್ಕಲ್ ಕ್ಯಾಡ್ಮಿಯಂದು. ವರ್ಷಗಟ್ಟಲೆ ಬಿಟ್ಟರೆ ಅದು ಒಸರುತ್ತದೆ, ಸುತ್ತಲಿನ ತಾಮ್ರದ ಗೆರೆಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕಾಕಾನ ಯಂತ್ರದಲ್ಲಿ ಕಿಲುಬು ಶುರುವಾಗಿತ್ತು, ಗೆರೆ ತುಂಡಾಗಿರಲಿಲ್ಲ. ಬ್ಯಾಟರಿ ಕತ್ತರಿಸಿ ತೆಗೆದೆ. ಒಸರಿದ್ದು ಕ್ಷಾರ, ಅದಕ್ಕೆ ಹುಳಿಯೇ ಮದ್ದು. ಕಾಕಾನ ಹೆಂಡತಿ ಚಿಗವ್ವ ಅಡಿಗೆಮನೆಯಿಂದ ಲಿಂಬಿಹಣ್ಣು ತಂದುಕೊಟ್ಟರು. ರಸದಲ್ಲಿ ಹತ್ತಿ ಅದ್ದಿ ಒರೆಸಿ, ಆಮೇಲೆ ಐಸೊಪ್ರೊಪೈಲ್‌ನಿಂದ ತೊಳೆದು, ಚೆನ್ನಾಗಿ ಒಣಗಿಸಿದ ಮೇಲೆಯೇ ಕರೆಂಟು ಕೊಟ್ಟದ್ದು. ಬ್ಯಾಟರಿ ಹೋದ ಯಂತ್ರ ತನ್ನೊಳಗೆ ಯಾವ ಡಿಸ್ಕ್ ಇದೆ ಎಂಬುದನ್ನೂ ಮರೆತಿರುತ್ತದೆ. ಡಿಸ್ಕಿನ ಮೇಲಿನ ಚೀಟಿಯಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಎಷ್ಟೆಷ್ಟು ಎಂದು ಅಚ್ಚಾಗಿರುತ್ತದೆ. ಅದನ್ನು ಸೆಟಪ್‌ನಲ್ಲಿ ತುಂಬಿದ ಮೇಲೆ ಡಾಸ್ ಎದ್ದಿತು, ಪರದೆಯ ಮೇಲೆ ಸಿ ಪ್ರಾಂಪ್ಟ್ ಬಂದು ಮಿನುಗಿತು. ಕಾಕಾ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಇನ್ನು ಕೇಬಲ್ಲು. ಪೇಟೆಯಲ್ಲಿ ಒಂಬತ್ತು ಪಿನ್ನಿನ ಕೇಬಲ್ ಬೇಕು ಎಂದರೆ ಬಹುತೇಕ ಅಂಗಡಿಯವರು ಮಾನಿಟರಿನ ವಿಜಿಎ ಕೇಬಲ್ ಮುಂದಿಡುತ್ತಾರೆ. ಹೊರಗಿನ ಲೋಹದ ಕಟ್ಟು ಎರಡಕ್ಕೂ ಒಂದೇ ಅಳತೆ, ಆದರೆ ವಿಜಿಎಗೆ ಮೂರು ಸಾಲಿನಲ್ಲಿ ಹದಿನೈದು ಪಿನ್ನು. ನಮ್ಮ ಜಿಲ್ಲೆಯಲ್ಲಿ ಸೀರಿಯಲ್ ಕೇಬಲ್ಲಿನ ಮರ್ಮ ಬಲ್ಲವರು ಬೇರೆಯೇ ಇದ್ದಾರೆ. ಗಂಗಾವತಿ, ಕಾರಟಗಿ ಕಡೆಗೆ ಹೋಗಿ ನೋಡಿ. ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುತ್ತದೆ, ಭತ್ತದ ಹಿಂದೆ ರೈಸ್ ಮಿಲ್ಲು, ಮಿಲ್ಲಿನ ಹಿಂದೆ ವೇಬ್ರಿಡ್ಜು. ಲೋಡ್ ಆದ ಲಾರಿ ಪ್ಲಾಟ್‌ಫಾರ್ಮ್ ಏರಿತೆಂದರೆ ಕೆಳಗಿನ ಲೋಡ್ ಸೆಲ್‌ಗಳು ಭಾರವನ್ನು ಸಣ್ಣ ವಿದ್ಯುತ್ತಾಗಿ ತೋರಿಸುತ್ತವೆ, ಕೋಣೆಯೊಳಗಿನ ಇಂಡಿಕೇಟರ್ ಅದನ್ನು ಕೆಜಿ ಮಾಡಿ ಕೆಂಪು ಅಂಕಿಯಲ್ಲಿ ಬೆಳಗುತ್ತದೆ. ಅಲ್ಲಿಂದ ಪಕ್ಕದ ಕಂಪ್ಯೂಟರಿಗೆ ಆ ತೂಕ ಹೋಗುವುದು ಇದೇ ಸೀರಿಯಲ್ ತಂತಿಯ ಮೇಲೆ. ಲೋಡು, ಖಾಲಿ, ನಿವ್ವಳ ಎಂದು ಚೀಟಿಯಲ್ಲಿ ಅಚ್ಚಾಗುವ ಅಂಕಿಗಳೆಲ್ಲ ಆ ತಂತಿಯಿಂದಲೇ ಬಂದವು. ಹಳ್ಳಿಯ ಹಾಲಿನ ಡೇರಿಯಲ್ಲಿ ಫ್ಯಾಟ್ ಅಳೆಯುವ ಯಂತ್ರವೂ ಎಷ್ಟೋ ಕಡೆ ಇದೇ ತಂತಿಯಲ್ಲಿ ಕಂಪ್ಯೂಟರಿಗೆ ಲೆಕ್ಕ ಒಪ್ಪಿಸುತ್ತದೆ.

ಹಾಗಾಗಿ ವೇಬ್ರಿಡ್ಜ್ ರಿಪೇರಿಯವರ ಚೀಲದಲ್ಲಿ ನಮಗೆ ಬೇಕಾದದ್ದೆಲ್ಲ ಇರುತ್ತದೆ: ಒಂಬತ್ತು ಪಿನ್ನಿನ ಕನೆಕ್ಟರು, ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಕನ್ವರ್ಟರು, ಸೋಲ್ಡರ್ ಗನ್ನು. ಗಂಗಾವತಿಯಲ್ಲಿ ಆ ಕೆಲಸ ಮಾಡುವ ಪರಿಚಯದವರೊಬ್ಬರಿಗೆ ಫೋನು ಹಚ್ಚಿದೆ. “ಕನ್ವರ್ಟರ್ ಕೊಡ್ತೀನ್ರಿ ಸರ, ಆದ್ರ ಮಕ್ಕಳು ಪ್ರಾಜೆಕ್ಟಿಗೆ ತಗೊಳ್ಳೋ ಬರೀ ಬೋರ್ಡ್ ಮಾತ್ರ ಹಚ್ಚಬ್ಯಾಡ್ರಿ, ಸುಟ್ಟು ಹೋಗತೈತಿ” ಎಂದು ಅವರೇ ಎಚ್ಚರಿಸಿದರು. ಸರಿಯಾದ ಮಾತು. ಆ ಬರೀ ಬೋರ್ಡುಗಳು 3.3 ಅಥವಾ 5 ವೋಲ್ಟಿನವು. ಹಳೇ ಕಂಪ್ಯೂಟರಿನ ಪೋರ್ಟು ಪ್ಲಸ್ 12, ಮೈನಸ್ 12 ವೋಲ್ಟಿನ ಆಸುಪಾಸಿನಲ್ಲಿ ಆಡುತ್ತದೆ. ಆರ್‌ಎಸ್-232 ಎಂದು ಬರೆದಿರುವ, ಒಂಬತ್ತು ಪಿನ್ನಿನ ಮೂತಿ ಇರುವ ಕನ್ವರ್ಟರನ್ನೇ ತರಬೇಕು. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ.

ಈ ಆರ್‌ಎಸ್-232 ಇದೆಯಲ್ಲ, ಅದು ಅಮೆರಿಕದಲ್ಲಿ 1960ರಲ್ಲಿ ಬರೆದಿಟ್ಟ ಒಪ್ಪಂದ. ಅದರ ಸಿ ಎಂಬ ಪರಿಷ್ಕೃತ ರೂಪ ಬಂದದ್ದು 1969ರಲ್ಲಿ. ಆಗ ಮನೆಗೊಂದು ಕಂಪ್ಯೂಟರ್ ಎಂಬ ಕಲ್ಪನೆಯೂ ಇರಲಿಲ್ಲ. ಟೆಲಿಪ್ರಿಂಟರನ್ನು, ಟರ್ಮಿನಲ್ಲನ್ನು ಮೋಡೆಮ್ಮಿಗೆ ಜೋಡಿಸುವುದಕ್ಕೆ ಆದ ನಿಯಮ ಅದು. ಮೈನಸ್ 3ರಿಂದ ಮೈನಸ್ 15 ವೋಲ್ಟ್ ಇದ್ದರೆ ಒಂದು, ಪ್ಲಸ್ 3ರಿಂದ ಪ್ಲಸ್ 15 ಇದ್ದರೆ ಸೊನ್ನೆ. ಕೇಬಲ್ಲು 50 ಅಡಿಯವರೆಗೆ ಇರಬಹುದು. ನಿಯಮ ಎಂದರೆ ಹೆಚ್ಚುಕಡಿಮೆ ಇಷ್ಟೇ. ಐಬಿಎಂನ ಪಿಸಿ 1981ರಲ್ಲಿ ಬಂದಾಗ ಇದನ್ನೇ ತೆಗೆದುಕೊಂಡಿತು. 1984ರ ಎಟಿ ಮಾದರಿಯಲ್ಲಿ ಇಪ್ಪತ್ತೈದು ಪಿನ್ನಿನ ಜಾಗಕ್ಕೆ ಒಂಬತ್ತು ಪಿನ್ನಿನದು ಬಂತು. ಅರುವತ್ತು ವರ್ಷ ದಾಟಿದ ಆ ಒಪ್ಪಂದಕ್ಕೆ ಗಂಗಾವತಿಯ ವೇಬ್ರಿಡ್ಜು ಇವತ್ತಿಗೂ ಬದ್ಧವಾಗಿದೆ. ಕಾರಣ ನನಗೆ ಸ್ಪಷ್ಟವಾಗಿ ಕಾಣುತ್ತದೆ: ನಿಯಮ ಚಿಕ್ಕದು, ಎಲ್ಲರಿಗೂ ತೆರೆದದ್ದು, ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ಕಂಪನಿ ಮುಚ್ಚಿಹೋದರೂ ಅದು ಮಾಡಿದ ಯಂತ್ರದ ಜತೆ ಮಾತಾಡುವ ದಾರಿ ಮುಚ್ಚುವುದಿಲ್ಲ.

ಮೊಮ್ಮಗನನ್ನು ಕೂರಿಸಿಕೊಂಡು ಕೇಬಲ್ ಕಟ್ಟಿದೆ. ಒಂಬತ್ತು ಪಿನ್ನಿನ ಪೋರ್ಟಿನಲ್ಲಿ ಎರಡನೆಯದು ಕೇಳುವ ಕಿವಿ, ಮೂರನೆಯದು ಹೇಳುವ ಬಾಯಿ, ಐದನೆಯದು ಗ್ರೌಂಡು. ಪೋರ್ಟನ್ನು ಮೊದಲು ರೂಪಿಸಿದ್ದು ಕಂಪ್ಯೂಟರಿಗೆ ಮೋಡೆಮ್ ಜೋಡಿಸಲೆಂದು. ಈಗ ಎರಡು ಕಡೆಯೂ ಕಂಪ್ಯೂಟರೇ ಆದ್ದರಿಂದ ನೇರ ತಂತಿ ಎಳೆದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಸೇರಿ ಯಾರ ಮಾತೂ ಯಾರಿಗೂ ಮುಟ್ಟುವುದಿಲ್ಲ. ಈ ಕಡೆಯ ಮೂರು ಆ ಕಡೆಯ ಎರಡಕ್ಕೆ, ಈ ಕಡೆಯ ಎರಡು ಆ ಕಡೆಯ ಮೂರಕ್ಕೆ ಅಡ್ಡಬಡ್ಡ ಹೋಗಬೇಕು. ಐದು ಮಾತ್ರ ಐದಕ್ಕೇ. ಇದಕ್ಕೆ ನಲ್ ಮೋಡೆಮ್ ಕೇಬಲ್ ಎನ್ನುತ್ತಾರೆ. ಹಳೆಯ ಲ್ಯಾನ್ ಕೇಬಲ್ಲಿನ ತುಂಡಿನಿಂದ ಮೂರು ಎಳೆ ತೆಗೆದುಕೊಂಡರೆ ಸಾಕಾಗುತ್ತದೆ.

“ಮೂರ ತಂತಿ ಸಾಕಂದ್ರ ಉಳಿದ ಆರು ಪಿನ್ನು ಯಾಕ್ರಿ ಅಂಕಲ್?” ಅಂದ ಹುಡುಗ.

ಉಳಿದವು ಒಪ್ಪಿಗೆ ಕೇಳುವ, ಒಪ್ಪಿಗೆ ಕೊಡುವ ಪಿನ್ನುಗಳು: ನೀನು ತಯಾರಿದ್ದೀಯಾ, ಕಳಿಸಲೇ, ಕಳಿಸು. ಡಾಸ್‌ನಲ್ಲಿ ಕಾಪಿ ಆಜ್ಞೆಯಿಂದ ಸೀರಿಯಲ್ಲಿಗೆ ಫೈಲು ಕಳಿಸಿದರೆ ಅದು ಬಯಾಸ್ ಮೂಲಕ ಹೋಗುತ್ತದೆ. ಬಯಾಸ್ ಆ ಒಪ್ಪಿಗೆ ಸಿಗುವ ತನಕ ಒಂದಕ್ಷರವನ್ನೂ ಬಿಡುವುದಿಲ್ಲ. ಅದಕ್ಕೆ ಹಳೇ ಯಂತ್ರದ ಕಡೆಯ ಕನೆಕ್ಟರಿನೊಳಗೇ ಏಳು ಮತ್ತು ಎಂಟನ್ನು ಒಂದು ತುಂಡು ತಂತಿಯಿಂದ ಕೂಡಿಸಬೇಕು. ಒಂದು, ನಾಲ್ಕು, ಆರನ್ನು ಇನ್ನೊಂದರಿಂದ. ಆಗ ಯಂತ್ರ ಕೇಳಿದ ಒಪ್ಪಿಗೆ ಅದರ ಪಿನ್ನಿನಿಂದಲೇ ಅದಕ್ಕೆ ಸಿಗುತ್ತದೆ. ಮೂರೇ ತಂತಿ ಎಳೆದು, ಈ ಗಂಟು ಹಾಕದೆ, ಪೋರ್ಟು ಕೆಟ್ಟಿದೆ ಎಂದು ಕೈಬಿಡುವವರು ಬಹಳ.

ಕೇಬಲ್ ಹಚ್ಚುವ ಮುಂಚೆ ಕನ್ವರ್ಟರನ್ನು ಪರೀಕ್ಷೆ ಮಾಡಿಕೊಳ್ಳಬೇಕು. ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಎರಡು ಮತ್ತು ಮೂರನೇ ಪಿನ್ನಿಗೆ ಒಂದು ಗುಂಡುಪಿನ್ನು ತಾಗಿಸಿ ಹಿಡಿದರೆ, ಟರ್ಮಿನಲ್ ತಂತ್ರಾಂಶದಲ್ಲಿ ಒತ್ತಿದ ಅಕ್ಷರ ಹೊರಗೆ ಹೋಗಿ ತಿರುಗಿ ಬಂದು ಪರದೆಯ ಮೇಲೆ ಮೂಡುತ್ತದೆ. ಗುಂಡುಪಿನ್ನು ತೆಗೆದರೆ ಏನು ಒತ್ತಿದರೂ ಪರದೆ ಖಾಲಿ. ಹುಡುಗ ಅದನ್ನು ಹಚ್ಚಿ ತೆಗೆದು, ಹಚ್ಚಿ ತೆಗೆದು ನೋಡಿದ. ತಂತಿಯ ಮೇಲೆ ಅಕ್ಷರ ಓಡುತ್ತದೆ ಎಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸುವ ಪ್ರಯೋಗ ನಾನು ಕಂಡಿಲ್ಲ. ಎಲೆಕ್ಟ್ರಾನಿಕ್ಸ್ ಕಲಿಸುವ ಪ್ರತಿ ತರಗತಿಯಲ್ಲೂ ಇದನ್ನು ಮಾಡಿಸಬೇಕು. ಟರ್ಮಿನಲ್ಲಿಗೆ ವಿಂಡೋಸ್ ಎಕ್ಸ್‌ಪಿ ಕಾಲದವರೆಗೆ ಹೈಪರ್ ಟರ್ಮಿನಲ್ ಜತೆಗೇ ಬರುತ್ತಿತ್ತು. ಈಗ ಟೆರಾ ಟರ್ಮ್ ಎಂಬುದನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ಲಿನಕ್ಸ್ ಇದ್ದರೆ ಮಿನಿಕಾಮ್.

ಈಗ ವೇಗದ ಮಾತು. ಎರಡೂ ಕಡೆ ವೇಗ ಒಂದೇ ಇರಬೇಕು. ಸಾಮಾನ್ಯವಾಗಿ 9600 ಇಟ್ಟುಕೊಳ್ಳುತ್ತಾರೆ, ಅಂದರೆ ಸೆಕೆಂಡಿಗೆ 9600 ಬಿಟ್ಟು. ಒಂದು ಅಕ್ಷರಕ್ಕೆ ಶುರುವಿನ ಬಿಟ್ಟೊಂದು, ಮಾಹಿತಿಯ ಬಿಟ್ಟು ಎಂಟು, ಕೊನೆಯ ಬಿಟ್ಟೊಂದು, ಒಟ್ಟು ಹತ್ತು. ಹಾಗಾಗಿ ಸೆಕೆಂಡಿಗೆ 960 ಅಕ್ಷರ. ನೂರು ಕೆಬಿಯ ಆಟದ ಪ್ರತಿಗೆ ಎರಡು ನಿಮಿಷವೂ ಬೇಡ. 1.44 ಎಂಬಿಯ ಒಂದು ಇಡೀ ಫ್ಲಾಪಿಗೆ ಇಪ್ಪತ್ತೈದೂವರೆ ನಿಮಿಷ. 40 ಎಂಬಿಯ ಇಡೀ ಡಿಸ್ಕ್ ಸಾಗಿಸುವುದಾದರೆ ಹನ್ನೆರಡು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಬೇಕಷ್ಟೆ. ಪೋರ್ಟನ್ನು ನಡೆಸುವ ಯುಎಆರ್‌ಟಿ ಚಿಪ್ ಒಳ್ಳೆಯದಿದ್ದು, 115200ಕ್ಕೆ ಏರಿಸುವ ತಂತ್ರಾಂಶವೂ ಇದ್ದರೆ ಅದೇ ಕೆಲಸ ಒಂದು ಗಂಟೆಯದು. ಇಂದಿನ ಕಣ್ಣಿಗೆ ಇದು ನಿಧಾನ. ಆದರೆ ಒಂದು ಊರಿನ ಒಂದು ಆಟದ ಪಠ್ಯ ಎರಡು ನಿಮಿಷದಲ್ಲಿ ಉಳಿಯುವುದಾದರೆ ನನ್ನ ಲೆಕ್ಕದಲ್ಲಿ ಅದು ತಡವಲ್ಲ.

ಕನ್ನಡದವರು ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಡಾಸ್‌ನ ಮೋಡ್ ಆಜ್ಞೆಗೆ ವೇಗ ಮಾತ್ರ ಹೇಳಿ ಬಿಟ್ಟರೆ, ಅದು ತಾನಾಗಿ ಅಕ್ಷರಕ್ಕೆ ಏಳೇ ಬಿಟ್ಟು, ಜತೆಗೆ ತಪ್ಪು ಹಿಡಿಯಲು ಈವನ್ ಪ್ಯಾರಿಟಿಯ ಬಿಟ್ಟೊಂದು ಎಂದು ಇಟ್ಟುಕೊಳ್ಳುತ್ತದೆ. ಇಂಗ್ಲಿಷಿಗೆ ಏಳು ಬಿಟ್ಟು ಧಾರಾಳವಾಯಿತು, ಅದರ ಅಕ್ಷರಗಳೆಲ್ಲ 128ರ ಒಳಗೇ ಇವೆ. ನಮ್ಮ ಅಕ್ಷರಗಳು ಇರುವುದು 128ರ ಮೇಲೆ. ಜಿಸ್ಟ್ ಕಾರ್ಡ್ ಬಳಸುವುದು ಇಸ್ಕಿ ಎಂಬ ಸಂಕೇತ ಪದ್ಧತಿಯನ್ನು. ಅದು 1991ರಲ್ಲಿ ಐಎಸ್ 13194 ಎಂಬ ಭಾರತೀಯ ಮಾನಕವಾಯಿತು. ಐಐಟಿ ಕಾನ್ಪುರದಲ್ಲಿ ಮೊಳೆತ ಜಿಸ್ಟ್ ತಂತ್ರಜ್ಞಾನವನ್ನು ಪುಣೆಯ ಸಿ-ಡ್ಯಾಕ್ ಬೆಳೆಸಿತು. ಇಸ್ಕಿಯಲ್ಲಿ ಕ ಎಂದರೆ 179. ಕನ್ನಡಕ್ಕೂ 179, ತೆಲುಗಿಗೂ 179, ದೇವನಾಗರಿಗೂ 179. ಗಂಗಾವತಿ ಕಡೆಯ ಕ್ಯಾಂಪುಗಳಲ್ಲಿ ತೆಲುಗು ಓದುವವರಿಗೆ ಅದೇ ಫೈಲನ್ನು ತೆಲುಗು ಲಿಪಿಯಲ್ಲಿ ತೋರಿಸಬಹುದಾದಷ್ಟು ಸೊಗಸಾದ ಏರ್ಪಾಟು ಅದು.

ಏಳು ಬಿಟ್ಟಿನ ತಂತಿಯ ಮೇಲೆ ಈ ಏರ್ಪಾಟಿಗೆ ಏನಾಗುತ್ತದೆ ಎಂಬುದು ಹುಡುಗನಿಗೆ ಕಣ್ಣಾರೆ ತಿಳಿಯಲಿ ಎಂದು ಮೊದಲು ಎರಡೂ ಕಡೆ ಏಳೇ ಬಿಟ್ಟು ಇಟ್ಟು ಆಟದ ಮೊದಲ ಸಾಲುಗಳನ್ನು ಕಳಿಸಿದೆ. ದೊಡ್ಡಾಟ ಎಂದ ಮೇಲೆ ಮೊದಲು ಸಾರಥಿ ಬರಲೇಬೇಕಲ್ಲ. ಹಳೇ ಪರದೆಯ ಮೇಲೆ ಚೊಕ್ಕವಾಗಿ “ಸಾರಥಿ” ಎಂದಿತ್ತು. ಲ್ಯಾಪ್‌ಟಾಪಿನ ಮೇಲೆ ಬಂದದ್ದು ಇಂಗ್ಲಿಷಿನ ಡಬ್ಲ್ಯೂ, ಜೆಡ್, ಓ, ಸಿ, ಕೊನೆಗೊಂದು ಚೌಕ ಆವರಣ. ಎಂಟನೆಯ ಬಿಟ್ಟು ಕಳಚಿಬಿದ್ದು, ಪ್ರತಿಯೊಂದು ಸಂಖ್ಯೆಯಿಂದಲೂ 128 ಹೋಗಿತ್ತು. ಸ ಎಂಬ 215 ಹೋಗಿ 87 ಆಯಿತು, ಅದು ಡಬ್ಲ್ಯೂ. ರ ಎಂಬ 207 ಹೋಗಿ 79 ಆಯಿತು, ಅದು ಓ. ಕ ಇದ್ದಲ್ಲಿ 3, ಗ ಇದ್ದಲ್ಲಿ 5. ನಡುನಡುವೆ ಇದ್ದ ನಿಜವಾದ ಅಂಕಿಗಳೂ ಇವುಗಳ ಜತೆ ಬೆರೆತು, ಯಾವುದು ಕ, ಯಾವುದು 3 ಎಂದು ಬಿಡಿಸುವ ದಾರಿಯೇ ಉಳಿಯುವುದಿಲ್ಲ. ಇಂಗ್ಲಿಷ್ ಸಾಲುಗಳು ಮಾತ್ರ ನೆಟ್ಟಗೆ ಬಂದಿರುತ್ತವೆ. ಅದನ್ನಷ್ಟೇ ನೋಡಿ, ಎಲ್ಲ ಸರಿಯಾಗಿ ಬಂತು ಎಂದುಕೊಂಡು ಹಳೇ ಯಂತ್ರವನ್ನು ಕೊಟ್ಟುಬಿಟ್ಟರೆ ಕನ್ನಡ ಪೂರ್ತಿ ಹೋದಂತೆಯೇ.

ಆಮೇಲೆ ಮೋಡ್ ಆಜ್ಞೆಗೆ 9600, ಪ್ಯಾರಿಟಿ ಇಲ್ಲ, ಎಂಟು ಬಿಟ್ಟು, ಒಂದು ಸ್ಟಾಪ್ ಬಿಟ್ಟು ಎಂದು ಒಂದೊಂದಾಗಿ ಹೇಳಿದೆ. ಲ್ಯಾಪ್‌ಟಾಪಿನಲ್ಲೂ ಅದನ್ನೇ ಇಟ್ಟೆ. ಕಾಪಿ ಆಜ್ಞೆಗೆ ಸ್ಲ್ಯಾಶ್ ಬಿ ಸೇರಿಸಿದೆ. ಅದನ್ನು ಸೇರಿಸದಿದ್ದರೆ ಫೈಲಿನ ನಡುವೆ ಎಲ್ಲಾದರೂ 26 ಎಂಬ ಸಂಕೇತ ಸಿಕ್ಕಿತೆಂದರೆ ಡಾಸ್ ಅಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತದೆ. ಈ ಸಲ ಪರದೆ ತುಂಬ ತಲೆಬುಡವಿಲ್ಲದ ಚಿಹ್ನೆಗಳು ಬಂದವು.

ಕಾಕಾ ಗಾಬರಿಯಾದರು. “ಏ ತಮ್ಮಾ, ಇದೇನು ಮೊದಲಿನಕಿಂತ ಕೆಟ್ಟ ಬಂತಲ್ಲ!”

“ಇಲ್ರಿ ಕಾಕಾರ, ಈಗ ಖರೇ ಬಂದೈತಿ. ಈಗಿನ ಯಂತ್ರಕ್ಕ ಇಸ್ಕಿ ಗೊತ್ತಿಲ್ಲ, ನಾವು ಓದಿ ಹೇಳಬೇಕು.”

ಇಸ್ಕಿಯನ್ನು ಯುನಿಕೋಡ್ ಮಾಡುವುದು ಬೆಟ್ಟ ಕಡಿಯುವ ಕೆಲಸವಲ್ಲ. ಯುನಿಕೋಡಿನಲ್ಲಿ ನಮ್ಮ ಅಕ್ಷರಗಳ ಸಾಲನ್ನು ಇಟ್ಟದ್ದೇ 1988ರ ಇಸ್ಕಿಯನ್ನು ಮಾದರಿ ಮಾಡಿಕೊಂಡು. ಕ ಆದ ಮೇಲೆ ಖ, ಖ ಆದ ಮೇಲೆ ಗ ಎಂದು ಎರಡರಲ್ಲೂ ಒಂದೇ ನಡಿಗೆ. ಒಂದು ಪಟ್ಟಿ ಮಾಡಿ ಈ ಸಂಖ್ಯೆ ಇದ್ದರೆ ಆ ಅಕ್ಷರ ಎಂದು ಬದಲಿಸುತ್ತ ಹೋಗುವ ಚಿಕ್ಕ ಪೈಥಾನ್ ಪ್ರೋಗ್ರಾಮನ್ನು ಹುಡುಗನೇ ಬರೆದ. ಅವನ ಪರದೆಯ ಮೇಲೆ ಮೊದಲು ಮೂಡಿದ್ದು ಸಾರಥಿ. ಅದರ ಹಿಂದೆ ಪದ, ಪದದ ಹಿಂದೆ ವಚನ. ಕಾಕಾ ಕನ್ನಡಕ ಏರಿಸಿ, ಪದವನ್ನು ಓದಲಿಲ್ಲ, ಹಾಡಿದರು. ಟೈಪು ಮಾಡುವಾಗ ಮಾಸ್ತರರು ಪಕ್ಕದಲ್ಲಿ ಕೂತು ಧಾಟಿ ಹೇಳಿಕೊಟ್ಟಿದ್ದರಂತೆ, ಅದು ಅವರ ಬಾಯಲ್ಲಿ ಇನ್ನೂ ಇತ್ತು. ಹುಡುಗ ಲ್ಯಾಪ್‌ಟಾಪ್ ಬಿಟ್ಟು ಮೊಬೈಲಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಂಡ.

ಎಲ್ಲರ ಯಂತ್ರದಲ್ಲಿ ಇಸ್ಕಿಯೇ ಇರುತ್ತದೆ ಎಂದೇನಿಲ್ಲ. ಡಿಟಿಪಿ ಮಾಡುತ್ತಿದ್ದವರ ಬಳಿ ಶ್ರೀಲಿಪಿ, ನುಡಿ, 1998ರಿಂದೀಚೆಗಿನ ಬರಹ ಇರುತ್ತವೆ. ಅವುಗಳ ಹಳೆಯ ಫಾಂಟುಗಳಲ್ಲಿ ಅಕ್ಷರವನ್ನು ಉಚ್ಚಾರದ ಕ್ರಮದಲ್ಲಿಟ್ಟಿಲ್ಲ, ಆಕಾರದ ತುಂಡುಗಳಾಗಿ ಇಟ್ಟಿರುತ್ತಾರೆ. ಒತ್ತಕ್ಷರ ಬೇರೆ ತುಂಡು, ಕೊಂಬು ಬೇರೆ ತುಂಡು. ಅವಕ್ಕೆ ಬೇರೆ ಪರಿವರ್ತಕ ಬೇಕು, ನುಡಿ ಮತ್ತು ಬರಹದ ಈಚಿನ ಆವೃತ್ತಿಗಳ ಜತೆಗೇ ಬರುತ್ತದೆ. ಒಂದು ಮಾತ್ರ ನೆನಪಿರಲಿ, ಯಾವ ಫಾಂಟು ಎಂದು ಈಗಲೇ ಚೀಟಿ ಬರೆದಿಡಿ. ಟೈಪು ಮಾಡಿದವರು ನಮ್ಮ ನಡುವೆ ಇರುವಾಗ ಒಂದು ಮಾತಿನಲ್ಲಿ ತಿಳಿಯುವ ವಿಷಯ ಅದು. ಅವರಿಲ್ಲದಾಗ ತಿಂಗಳುಗಟ್ಟಲೆ ಹುಡುಕಬೇಕಾಗುತ್ತದೆ.

ಕಾಪಿ ಆಜ್ಞೆಗೆ ಒಂದು ಕೊರತೆಯೂ ಇದೆ. ದಾರಿಯಲ್ಲಿ ಒಂದಕ್ಷರ ಉದುರಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅದಕ್ಕೆ ನಾನು ಹೇಳುವುದು: ಅದೇ ಫೈಲನ್ನು ಎರಡು ಸಲ ಕಳಿಸಿ, ಬಂದ ಎರಡು ಪ್ರತಿಗಳನ್ನೂ ಲ್ಯಾಪ್‌ಟಾಪಿನಲ್ಲಿ ಹೋಲಿಸಿ ನೋಡಿ, ಗಾತ್ರವನ್ನು ಹಳೇ ಯಂತ್ರದ ಡಿಐಆರ್ ಪಟ್ಟಿಯೊಂದಿಗೆ ತಾಳೆ ಹಾಕಿ. ಹಳೇ ಯಂತ್ರದಲ್ಲಿ ಸಾಗಣೆಯ ತಂತ್ರಾಂಶ ಇದ್ದರಂತೂ ಇನ್ನೂ ಒಳ್ಳೆಯದು. ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ಮಾಡಿದ ಎಕ್ಸ್‌ಮೋಡೆಮ್ ಫೈಲನ್ನು 128 ಬೈಟಿನ ಕಂತು ಮಾಡಿ, ಪ್ರತಿ ಕಂತಿನ ಕೊನೆಗೆ ಒಂದು ಮೊತ್ತ ಸೇರಿಸಿ ಕಳಿಸುತ್ತದೆ. ಮಿಲ್ಲಿನಲ್ಲಿ ಹಮಾಲರು ಚೀಲ ಏರಿಸುವಾಗ ಗುಮಾಸ್ತ ಪಕ್ಕದಲ್ಲಿ ನಿಂತು ಎಣಿಸಿ, ತಾಳೆ ಬೀಳದಿದ್ದರೆ ಆ ಥಪ್ಪಿಯನ್ನು ಮತ್ತೆ ಎಣಿಸುವ ಹಾಗೆ, ಮೊತ್ತ ಕೂಡದ ಕಂತನ್ನು ಈ ಕಡೆಯ ಯಂತ್ರ ಮತ್ತೆ ಕೇಳುತ್ತದೆ. 1981ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕರ್ಮಿಟ್ ಇನ್ನೂ ಒಂದು ಹೆಜ್ಜೆ ಮುಂದೆ. ತಂತಿ ಏಳು ಬಿಟ್ಟಿನದೇ ಆಗಿದ್ದರೂ, ಎಂಟನೆಯ ಬಿಟ್ಟಿರುವ ಅಕ್ಷರದ ಮುಂದೆ ಒಂದು ಗುರುತು ಇಟ್ಟು ಕಳಿಸಿ, ಆಚೆ ಕಡೆ ಮತ್ತೆ ಪೂರ್ತಿ ಮಾಡಿಕೊಳ್ಳುತ್ತದೆ. ಇಸ್ಕಿ ಕನ್ನಡವೂ ಅದರಲ್ಲಿ ಒಂದಿಷ್ಟೂ ಕೆಡದೆ ದಾಟುತ್ತದೆ.

ಪಿಸಿ ಅಲ್ಲದ ಹಳೇ ಯಂತ್ರಗಳಿಗೂ ಈ ದಾರಿ ಇದೆ. ಕೇಂದ್ರ ಸರಕಾರ 1984ರಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಕ್ಲಾಸ್ ಯೋಜನೆ ಹಾಕಿದಾಗ ದೇಶದ ಶಾಲೆಗಳಿಗೆ ಬಂದದ್ದು ಇಂಗ್ಲೆಂಡಿನ ಬಿಬಿಸಿ ಮೈಕ್ರೊ, 32 ಕೆಬಿ ನೆನಪಿನ ಯಂತ್ರ. ಅದರ ಹಿಂದೆಯೂ ಐದು ಪಿನ್ನಿನ ಗುಂಡಗಿನ ಸೀರಿಯಲ್ ಸಾಕೆಟ್ಟಿದೆ. ಅದು ಆರ್‌ಎಸ್-423, ಆದರೂ 232ರ ಜತೆ ಹೊಂದಿಕೊಂಡು ಮಾತಾಡುತ್ತದೆ. ಯಾವುದಾದರೂ ಹೈಸ್ಕೂಲಿನ ಸ್ಟೋರ್ ರೂಮಿನಲ್ಲಿ ಅಂಥದೊಂದು ಸಿಕ್ಕರೆ ಅದರ ಮೇಲೆ ಮಕ್ಕಳು ಬರೆದ ಬೇಸಿಕ್ ಪ್ರೋಗ್ರಾಮುಗಳನ್ನೂ ಹೀಗೆಯೇ ತೆಗೆಯಬಹುದು.

ಕಾಕಾ ಒಂದು ದಿನ ಕೇಳಿದರು, “ಅಲ್ಲೋ ತಮ್ಮಾ, ಪಹಣಿಗೆ ಈ ತ್ರಾಸ ಇಲ್ಲಲ್ಲ? ಕಂಪ್ಯೂಟರ್ ಎಷ್ಟ ಬದಲಾದ್ರೂ ಪಹಣಿ ಬರ್ತೈತಿ.” ಬಹಳ ಹೊತ್ತು ಆ ಮಾತನ್ನೇ ಆಡಿಕೊಂಡು ನಿಂತೆವು. 2000ದ ಆಸುಪಾಸಿನ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಏರಿದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ತಾಲೂಕು ಕಚೇರಿಗಳಲ್ಲಿ 15 ರೂಪಾಯಿ ಕೊಟ್ಟು ಜನ ಅಚ್ಚಾದ ಪಹಣಿ ಒಯ್ಯತೊಡಗಿದರು. ಆಮೇಲೆ ಯಂತ್ರಗಳು ಬದಲಾದವು, ತಂತ್ರಾಂಶ ಬದಲಾಯಿತು, ಪಹಣಿ ಉಳಿಯಿತು. ಹಳೆಯದರಿಂದ ಹೊಸದಕ್ಕೆ ಅದನ್ನು ದಾಟಿಸುವುದು ಯಾರದೋ ನೌಕರಿಯಾಗಿತ್ತು, ಆದ್ದರಿಂದ ಉಳಿಯಿತು. ದೊಡ್ಡಾಟದ ಪ್ರತಿ, ಮಠದ ಪುಸ್ತಕದ ಕರಡು, ಮಹಿಳಾ ಸಂಘದ ಮೊದಲ ಲೆಕ್ಕ, ಊರಿನ ಹಳೆ ಪತ್ರಿಕೆಯ ಪುಟಗಳು, ಇವನ್ನು ದಾಟಿಸುವ ನೌಕರಿ ಯಾರಿಗೂ ಇಲ್ಲ. ಅವು ಉಳಿಯಬೇಕಾದರೆ ನಮ್ಮಂಥವರೇ ಕೈಹಾಕಬೇಕು. ಒಂದು ಕನ್ವರ್ಟರು, ಮೂರು ಎಳೆ ತಂತಿ, ಒಂದು ಸಂಜೆ ಸಾಕು ಎಂದಾದ ಮೇಲೆ ಹಿಂಜರಿಯುವುದು ಯಾಕೆ?

ತೆಗೆದ ಮೇಲೆ ಎರಡು ಬಗೆಯಲ್ಲಿ ಇಡಿ. ತಂತಿಯ ಮೇಲೆ ಬಂದ ಮೂಲ ಫೈಲು ಹಾಗೇ ಒಂದು ಪ್ರತಿ, ಯುನಿಕೋಡ್ ಮಾಡಿದ್ದು ಇನ್ನೊಂದು. ಪರಿವರ್ತನೆಯಲ್ಲಿ ತಪ್ಪು ನುಸುಳಿದ್ದರೆ ಮುಂದೆ ಯಾರಾದರೂ ಮೂಲಕ್ಕೆ ಹೋಗಿ ತಿದ್ದಬಹುದು. ಒಂದೇ ಪೆನ್‌ಡ್ರೈವಿನಲ್ಲಿ ಇಡಬೇಡಿ, ಎರಡು ಮೂರು ಮನೆಗಳಲ್ಲಿ ಇರಲಿ. ಕಾಗದದ ಮೇಲೂ ಅಚ್ಚು ಹಾಕಿಸಿ, ಆಟ ಆಡುವವರ ಕೈಗೆ ಮೊದಲು ಮುಟ್ಟಿಸಿ. ಕಾಕಾ ಹಾಗೇ ಮಾಡಿದರು. ಮಾಸ್ತರರ ಊರಿನ ಮೇಳಕ್ಕೆ ಪ್ರತಿ ಕಳಿಸಿದರು. ಬಾಯಿಪಾಠ ಇದ್ದವರು ಅದನ್ನು ಮುಂದಿಟ್ಟುಕೊಂಡು, ತಮಗೆ ಮರೆತುಹೋಗಿದ್ದ ಪದಗಳಿಗೆ ಗುರುತು ಹಾಕುತ್ತ, ಬಿಟ್ಟುಹೋಗಿದ್ದ ವಚನಗಳನ್ನು ತುಂಬುತ್ತ ಕೂತಿದ್ದಾರಂತೆ.

ಮೊನ್ನೆ ಕಾಕಾ ಮತ್ತೆ ಗೋಡೆಗೆ ಬಂದರು. “ತಮ್ಮಾ, ಯಲಬುರ್ಗಾದಾಗ ನಮ್ಮ ಬೀಗರ ಮನ್ಯಾಗ ಇನ್ನೊಂದ ಮಷಿನ್ ಐತಿ. ಇದಕಿಂತ ಹಳೇದು. ಹಿಂದ ಒಂಬತ್ತ ಪಿನ್ನಿಂದ ಇಲ್ಲ, ಇಪ್ಪತ್ತೈದರದ್ದ ಎರಡ ಅದಾವು. ಆಗತೈತೇನು?”

“ಆಗತೈತ್ರಿ ಕಾಕಾರ. ಪಿನ್ನು ಹೊರಗ ಚಾಚಿದ್ದು ಯಾವುದು, ಬರೇ ತೂತ ಇದ್ದದ್ದು ಯಾವುದು ಅಂತ ಕೇಳ್ರಿ. ತೂತಿಂದು ಪ್ರಿಂಟರಿಂದು, ಅದನ್ನ ಬಿಡ್ರಿ. ಪಿನ್ನಿಂದು ನಮ್ಮದು. ಇಪ್ಪತ್ತೈದರಾಗ ಎರಡು ಹೇಳೂದು, ಮೂರು ಕೇಳೂದು, ಒಂಬತ್ತರದಕ್ಕ ಉಲ್ಟಾ. ಹಂಗಾಗಿ ಎರಡಕ್ಕ ಎರಡು, ಮೂರಕ್ಕ ಮೂರು, ಏಳಕ್ಕ ಐದು. ಆ ಕಡೆ ನಾಲ್ಕು-ಐದು ಕೂಡಿಸೂದು, ಆರು-ಎಂಟು-ಇಪ್ಪತ್ತು ಕೂಡಿಸೂದು. ರವಿವಾರ ಹೋಗೂಣು, ಹುಡುಗನ್ನೂ ಕರಕೊಳ್ರಿ. ಈ ಸಲ ಸೋಲ್ಡರ್ ಅವನ ಹಿಡೀಲಿ.”